ಬಿಚ್ಚುವುದೋ, ಕಟ್ಟುವುದೋ

ಅವರ ಸುತ್ತಿಗೆಯ ಸದ್ದು ನಿಂತರೆ ನಮ್ಮ ಹುಡುಗಿಯರ ಬೆರಳು ತಪ್ಪುತ್ತಿತ್ತು. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಹಳೇ ಕಟ್ಟಡದ ಮಹಡಿಯಲ್ಲಿ ನನ್ನ ಟೈಪಿಂಗ್ ಶಾಲೆ, ಕೆಳಗಿನ ಅಂಗಳದಲ್ಲಿ ಅವರ ಗುಜರಿ. ಕೆಟ್ಟು ನಿಂತ ಕಾರು, ಜೀಪು, ಲಾರಿಗಳನ್ನು ಕೊಂಡು ತಂದು, ಬಿಚ್ಚಿ, ಬಿಡಿಭಾಗಗಳನ್ನು ಮಾರುವುದು ಅವರ ಕಸುಬು. ಆ ಸದ್ದಿಗೆ ಇನ್ನೂ ಒಗ್ಗಿರದ ಕಾಲ, ಶಾಲೆ ತೆರೆದ ಮೊದಲ ವಾರವೇ ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಇಳಿದು ಹೋದೆ. ನಿಮ್ಮ ಸದ್ದಿನಲ್ಲಿ ಪಾಠ ಹೇಳಲು ಆಗುತ್ತಿಲ್ಲ ಎಂದೆ.

ಅವರು ಸುತ್ತಿಗೆ ಕೆಳಗಿಟ್ಟು, ದಾರ ಕಟ್ಟಿದ ಕನ್ನಡಕವನ್ನು ಹಣೆಯ ವಿಭೂತಿಯ ಮೇಲಕ್ಕೆ ಏರಿಸಿ, "ನಾನೂ ಅದ್ನೇ ಹೇಳಕ್ಕೆ ಮೇಲಕ್ ಬರನಾ ಅಂತಿದ್ದೆ ಮೇಡಮ್ಮೋರೆ. ನಿಮ್ ಟಕಟಕದಲ್ಲಿ ನಮ್ಮ ನಟ್ಟು ಕೆಳಕ್ ಬಿದ್ದಿದ್ದೇ ಕೇಳ್ಸಕಿಲ್ಲ" ಎಂದರು. ಜಗಳ ಅಲ್ಲಿಗೇ ಮುಗಿಯಿತು. ಮುಂದಿನ ಹದಿನೈದು ವರ್ಷ ನಮ್ಮಿಬ್ಬರ ನಡುವೆ ಬೇರೆ ಜಗಳಗಳಿದ್ದವು, ಸದ್ದಿನದು ಮಾತ್ರ ಇರಲಿಲ್ಲ.

ಅವರು ತೀರಿಕೊಂಡು ಈಗ ಆರು ತಿಂಗಳಾಯಿತು. ಮೊಹಲ್ಲಾದಲ್ಲಿ ಎಲ್ಲರೂ ಅವರನ್ನು ಗುಜರಿ ಯಜಮಾನ್ರು ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ, ಇಲ್ಲಿಯೂ ಯಜಮಾನರು ಎಂದೇ ಬರೆಯುತ್ತೇನೆ.

ಯಜಮಾನರಷ್ಟು ಚೆನ್ನಾಗಿ ಬಿಚ್ಚುವವರನ್ನು ನಾನು ಕಂಡಿಲ್ಲ. ಬೆಳಿಗ್ಗೆ ಹತ್ತಕ್ಕೆ ಅಂಗಳಕ್ಕೆ ಎಳೆದು ತಂದ ಜೀಪು ಸಂಜೆ ಐದರ ಬ್ಯಾಚಿನ ಹೊತ್ತಿಗೆ ಗೋಡೆಯುದ್ದಕ್ಕೂ ಸಾಲಾಗಿ ಮಲಗಿರುತ್ತಿತ್ತು. ಜಗ್ಗದ ನಟ್ಟಿಗೆ ಸೀಮೆಎಣ್ಣೆ ಬಿಟ್ಟು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಕಾಯುತ್ತಿದ್ದರು. "ಎಲ್ಲಾ ನಟ್ಟೂ ಬತ್ತದೆ ಮೇಡಮ್ಮೋರೆ. ಅದರ ಮನಸ್ಸು ಕರಗಬೇಕು ಅಷ್ಟೇಯ." ಪ್ರತಿ ಗಾಡಿಯ ಮೊದಲ ನಟ್ಟಿಗೆ ಸ್ಪ್ಯಾನರ್ ಹಾಕುವ ಮುಂಚೆ ಅದರ ಬಾನೆಟ್ ಮುಟ್ಟಿ ಕಣ್ಣಿಗೊತ್ತಿಕೊಂಡು, "ತೆಪ್ಪಾಯ್ತು ಕಣಪ್ಪ" ಎಂದು ಕ್ಷಮೆ ಕೇಳುತ್ತಿದ್ದರು. ಆಮೇಲೆ ದಯೆ ದಾಕ್ಷಿಣ್ಯ ಒಂದೂ ಇಲ್ಲ.

ಆ ಕೈಗೆ ಬಿಡುವೆಂಬುದೇ ಇರಲಿಲ್ಲ. ಮಾತಾಡುವಾಗಲೂ ಹೆಬ್ಬೆರಳು, ತೋರುಬೆರಳು ಕಾಣದ ನಟ್ಟೊಂದನ್ನು ತಿರುಗಿಸುತ್ತಲೇ ಇರುತ್ತಿದ್ದವು. ಒಂದು ಮದುವೆಯಲ್ಲಿ ಮುಹೂರ್ತಕ್ಕೆ ಕಾಯುತ್ತ ಕೂತವರು ಪಕ್ಕದ ಖಾಲಿ ಕುರ್ಚಿಯ ನಟ್ಟನ್ನು ತಮಗೇ ತಿಳಿಯದಂತೆ ಸಡಿಲಿಸಿಬಿಟ್ಟಿದ್ದರು. ಅಕ್ಷತೆ ಹಿಡಿದುಕೊಂಡು ಬಂದು ಅದರಲ್ಲಿ ಕೂತ ಹುಡುಗಿಯ ಸೋದರಮಾವ ಅಕ್ಷತೆಯ ಸಮೇತ ನೆಲಕ್ಕೆ ಬಂದರು. ನಟ್ಟು ಯಜಮಾನರ ಜೇಬಿನಲ್ಲಿತ್ತು.

ಬಿಚ್ಚಿದ್ದನ್ನು ಜೋಡಿಸುವುದು ಮಾತ್ರ ಅವರಿಂದಾಗದು. ನನ್ನ ಒಂದು ಟೈಪ್‌ರೈಟರಿನ ಅಕ್ಷರ ಸಿಕ್ಕಿಕೊಳ್ಳುತ್ತದೆ ಎಂದದ್ದೇ ತಪ್ಪಾಯಿತು. ಕಾಫಿ ಸೋಸಿ ತರುವಷ್ಟರಲ್ಲಿ ಯಂತ್ರ ಹಳೇ ಪತ್ರಿಕೆಯ ಮೇಲೆ ನೂರು ಚೂರಾಗಿ ಹರಡಿತ್ತು. "ಒಳ್ಳೇ ಮಾಲು ಮೇಡಮ್ಮೋರೆ" ಎಂದು ಮೆಚ್ಚಿಕೊಂಡರು. ಮತ್ತೆ ಕೂಡಿಸಲು ರಿಪೇರಿಯವರು ಎರಡು ದಿನ ಕೂತರು. ಆಮೇಲೂ ಆ ಯಂತ್ರ 'ಳ' ಹೊಡೆದರೆ ಒಂದು ಅಕ್ಷರದ ಜಾಗ ಬಿಟ್ಟು ಹಾರುತ್ತಿತ್ತು.

ಇಂಥವರ ಅಂಗಳಕ್ಕೆ ತೊಂಬತ್ತರ ದಶಕದ ನಡುವೆ ಒಂದು ದಿನ ಆ ಕಾರು ಬಂತು. ಯಾವುದೋ ಹಳೇ ಬಂಗಲೆಯ ಕೊಟ್ಟಿಗೆಯಲ್ಲಿ ಎಷ್ಟೋ ವರ್ಷ ನಿಂತಿದ್ದ ವಿಲಾಯ್ತಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಸೂರಿಲ್ಲ, ನನ್ನ ಸೊಂಟಕ್ಕೂ ಬಾರದ ಎತ್ತರ, ಮೂತಿ ಮಾತ್ರ ಮಾರುದ್ದ. ಮೊದಲು ಯಾವ ಬಣ್ಣವಿತ್ತೋ ತಿಳಿಯದಷ್ಟು ತುಕ್ಕು. ನೆಲದ ತಗಡು ಪೂರ್ತಿ ಉದುರಿಹೋಗಿ, ಒಳಗೆ ಕೂತರೆ ಕಾಲು ರಸ್ತೆಗೆ ತಾಗುತ್ತಿತ್ತು. ಸೀಟಿನ ಗೂಡಿನಲ್ಲಿ ಕೋಳಿ ಕಾವಿಗೆ ಕೂತಿದ್ದ ಗುರುತಿತ್ತು.

ಎರಡು ದಿನದಲ್ಲಿ ಬಿಚ್ಚಿ ಮುಗಿಸುತ್ತೇನೆ ಎಂದರು. ಅದರ ಗಡಿಯಾರದಂಥ ಮೀಟರುಗಳು, ಕಡ್ಡಿಚಕ್ರಗಳು, ಜೋಡಿ ಕಾರ್ಬ್ಯುರೇಟರು ಎಲ್ಲಕ್ಕೂ ಗಿರಾಕಿಗಳಿದ್ದರು. ಸ್ಪ್ಯಾನರ್ ತೆಗೆದುಕೊಂಡು ಹೋದರು, ಬಾನೆಟ್ ಮುಟ್ಟಿದರು, ಕಣ್ಣಿಗೊತ್ತಿಕೊಂಡರು. ಹಾಗೇ ನಿಂತರು. ಆಮೇಲೆ ಸ್ಟೂಲು ಎಳೆದುಕೊಂಡು ಎದುರಿಗೆ ಕೂತು ಟೀ ತರಿಸಿದರು. ಅಷ್ಟೆಲ್ಲ ಗಾಡಿಗಳನ್ನು ಬಿಚ್ಚಿದ ಮನುಷ್ಯ ಅವತ್ತು ಮೊದಲ ಸಲ ಕೈ ತಡೆದದ್ದನ್ನು ನಾನು ಕಿಟಕಿಯಿಂದ ಕಂಡೆ.

"ಯಾಕೆ ಯಜಮಾನ್ರೆ, ಇದರ ಮನಸ್ಸು ಕರಗಲಿಲ್ವಾ?" ಎಂದು ಮೇಲಿನಿಂದಲೇ ಕೆಣಕಿದೆ.

"ನೋಡಿ ಮೇಡಮ್ಮೋರೆ, ಈ ಗಾಡಿ ಯಾವ್ ಕೆಲ್ಸುಕ್ಕೂ ಹುಟ್ಟಿಲ್ಲ. ಮೂಟೆ ಹಾಕಂಗಿಲ್ಲ, ಮಕ್ಳು ಮರೀನ ಕೂರ್ಸಂಗಿಲ್ಲ. ಬರೀ ಗಾಳಿ ಕುಡ್ಯಕ್ಕೆ ಹುಟ್ಟಿರದು. ಇಂಗೂ ಒಂದು ಗಾಡಿ ಮಾಡವ್ರಲ್ಲ!"

ಅಂದಿನಿಂದ ಅವರಿಗೆ ಒಂದೇ ಯೋಚನೆ. ಬಿಚ್ಚುವುದೋ, ಕಟ್ಟುವುದೋ? ತಿಂಗಳಿಗೊಮ್ಮೆ ಮಹಡಿ ಹತ್ತಿ ಬಂದು ನನ್ನ ಎದುರು ಕೂತು, "ಒಂದ್ ಪಟ್ಟಿ ಹೊಡೀರಿ" ಎನ್ನುತ್ತಿದ್ದರು. ಎಡಕ್ಕೆ 'ಬಿಚ್ಚಿದರೆ', ಬಲಕ್ಕೆ 'ಕಟ್ಟಿದರೆ'. ಮಧ್ಯೆ ಗೆರೆ, ಮೂರು ಕಾರ್ಬನ್ ಪ್ರತಿ. ಬಿಚ್ಚಿದರೆ: ಜಾಗ ಖಾಲಿ. ಹೆಂಡತಿ ಬೈಯುವುದು ನಿಲ್ಲುತ್ತದೆ. ಕಟ್ಟಿದರೆ: ಮಳೆ ಬಂದರೆ ನೆನೆಯುತ್ತೇವೆ. ಬೀಗರು ಬಂದರೆ ಒಬ್ಬರನ್ನೇ ಕೂರಿಸಬಹುದು, ಉಳಿದವರಿಗೆ ಕೋಪ. ಮುಂದಿನ ತಿಂಗಳು ಇದೇ ಬೀಗರ ವಿಷಯವನ್ನು ಕಟ್ಟುವುದರ ಲಾಭವೆಂದು ಬರೆಸಿದರು. ಪ್ರತಿಗಳಲ್ಲಿ ಒಂದು ಅವರ ಹೆಂಡತಿಗೆ, ಒಂದು ಫೈಲಿಗೆ, ಇನ್ನೊಂದನ್ನು ಮಡಿಸಿ ಕಾರಿನೊಳಗೇ ಇಡುತ್ತಿದ್ದರು. ಅದಕ್ಕೂ ವಿಷಯ ಗೊತ್ತಿರಲಿ ಎಂದು.

ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ದಿನವೂ ಕೆಸರೆಯ ಮನೆಯಿಂದ ಊಟದ ಕ್ಯಾರಿಯರ್ ಹಿಡಿದುಕೊಂಡು ಸಿಟಿ ಬಸ್ಸಿನಲ್ಲಿ ಬರುತ್ತಿದ್ದರು. ಕಾರಿನ ಎದುರು ಗಲ್ಲಕ್ಕೆ ಕೈಯಿಟ್ಟು ಕೂತ ಗಂಡನನ್ನು ನೋಡಿ ನನ್ನ ಕಿಟಕಿಯ ಕಡೆ ಕತ್ತೆತ್ತಿ, "ನೋಡಿ ಮೇಡಮ್, ಮೂವತ್ತು ವರ್ಸ ಸಂಸಾರ ಮಾಡಿವ್ನಿ. ಒಂದಿನಾನಾರ ನನ್ನ ಮುಂದೆ ಇಂಗೆ ಕೂತು ನೋಡಿದ್ದುಂಟಾ ಈವಯ್ಯ?" ಎನ್ನುತ್ತಿದ್ದರು. ಕಾರಿಗೆ ಸವತಿ ಎಂದು ಹೆಸರಿಟ್ಟವರು ಅವರೇ.

ನಗುತ್ತಲೇ ಇದ್ದ ನನಗೆ ಒಂದು ಸಂಜೆ ಅದರ ಒಳಗುಟ್ಟು ತಿಳಿಯಿತು. ಅಕ್ಕನ ಅಣ್ಣ ಹಿನಕಲ್‌ನಲ್ಲಿ ಮನೆ ಕಟ್ಟುವ ಮೇಸ್ತ್ರಿ. ಊರು ಬಡಾವಣೆಯಾಗುತ್ತಿದ್ದ ಕಾಲ, ಅವರ ಕೈಯಲ್ಲಿ ಬೀದಿಗೆ ನಾಲ್ಕು ಮನೆ ಏಳುತ್ತಿದ್ದವು. ಯಾವ ಸಮಾರಂಭದಲ್ಲಿ ಸಿಕ್ಕಿದರೂ ಹತ್ತು ಜನರ ಮುಂದೆ, "ನಾನು ಕಟ್ಟೋನು, ನಮ್ ಭಾವ ಕೆಡವೋರು" ಎಂದು ಬೆನ್ನು ತಟ್ಟಿ ನಗುವರು. ಯಜಮಾನರೂ ನಗುವರು. "ಅವ್ನು ಹೇಳೋದೇನು ಸುಳ್ಳಲ್ಲ ಬುಡಿ" ಎಂದರು ನನ್ನೆದುರು. "ಇಷ್ಟೊರ್ಸ ಬರೀ ಬಿಚ್ಚಿದ್ದೇ ಆಯ್ತು. ಒಂದಾದ್ರೂ ಕಟ್ಟಿ, ಇದ ಇವ್ನು ಕಟ್ದ ಅನ್ನುಸ್ಕಂಡು ಹೋಗ್ಬೇಕು ಅಂತ ಆಸೆ ಮೇಡಮ್ಮೋರೆ. ಆದ್ರೆ ನಂಗೆ ಕಟ್ಟಕ್ಕೆ ಬರಕಿಲ್ಲ." ಬೆರಳುಗಳು ಆಗ ಸುಮ್ಮನಿದ್ದವು. ನನಗೆ ನಿಜವಾಗಿಯೂ ಸಂಕಟವಾಯಿತು, ಆದರೆ ಟೈಪ್‌ರೈಟರಿನ ನೆನಪೂ ಆದ್ದರಿಂದ ಕಟ್ಟಿ ಎಂದು ಹೇಳುವ ಧೈರ್ಯ ಬರಲಿಲ್ಲ.

ಹೀಗೇ ನಾಲ್ಕು ವರ್ಷ ಕಳೆಯಿತು. ಕೊನೆಗೆ ಕೊಯಮತ್ತೂರಿನಿಂದ ಒಬ್ಬರು ಬಂದರು. ಅವರ ಹತ್ತಿರ ಇದೇ ಜಾತಿಯ ಇನ್ನೊಂದು ಕಾರಿತ್ತಂತೆ. ಇದರ ಒಂದೊಂದು ಭಾಗವೂ ಬೇಕು, ಆಯುಧಪೂಜೆಯ ಮಾರನೆ ದಿನ ಬಂದು ಬಿಚ್ಚಿಸಿಕೊಂಡು ಒಯ್ಯುತ್ತೇನೆ ಎಂದರು. ಯಜಮಾನರು ಒಪ್ಪಿಬಿಟ್ಟರು. ಬಿಚ್ಚುವುದೇ ಎಂದು ಗಟ್ಟಿಯಾಯಿತು. ಅಕ್ಕ ಆ ದಿನ ಪಾಯಸ ಮಾಡಿ ತಂದಿದ್ದರು.

ಇನ್ನು ನಾನು ಮಾಡಿದ ಘನಕಾರ್ಯ ಹೇಳಬೇಕು. ಆಯುಧಪೂಜೆಯ ದಿನ ಮೇಲೆ ನನ್ನ ಟೈಪ್‌ರೈಟರುಗಳಿಗೆ ಪೂಜೆ, ಕೆಳಗೆ ಅವರ ಸ್ಪ್ಯಾನರು, ಸುತ್ತಿಗೆ, ಓಡಾಡುವ ಟೆಂಪೋಗೆ ಪೂಜೆ. ಬಿಚ್ಚಲು ಬಂದ ಗಾಡಿಗಳ ಮೇಲೆ ಅವತ್ತು ಟಾರ್ಪಾಲು ಹೊದಿಸಿರುತ್ತಿದ್ದರು. ದೇವರ ಕಣ್ಣಿಗೆ ಕೊಳಕು ಕಾಣಬಾರದೆಂದು ಮುಚ್ಚುತ್ತಾರೆ ಎಂದು ನಾನು ತಿಳಿದಿದ್ದೆ. ಆ ವರ್ಷ ಗಾಳಿಗೆ ಕಾರಿನ ಟಾರ್ಪಾಲು ಸರಿದಿತ್ತು. ನನ್ನ ಹತ್ತಿರ ಒಂದು ಮೊರದಷ್ಟು ಚೆಂಡುಹೂವು, ಒಂದು ಬಟ್ಟಲು ಕುಂಕುಮ ಮಿಕ್ಕಿತ್ತು. ಪೂಜೆಗೆ ತಂದದ್ದನ್ನು ಚೆಲ್ಲುವುದುಂಟೇ? ನಾಳೆ ಹೋಗುವ ಜೀವ, ಪಾಪ, ಎಂದುಕೊಂಡು ಆ ಉದ್ದ ಮೂತಿಗೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು, ಕುಂಕುಮವಿಟ್ಟು, ಹಾರ ಹಾಕಿ, ಊದುಬತ್ತಿ ಹಚ್ಚಿ, ಚಕ್ರಕ್ಕೊಂದು ನಿಂಬೆಹಣ್ಣನ್ನೂ ಇಟ್ಟೆ. ನೋಡಲು ಮದುಮಗನ ಹಾಗಿತ್ತು.

ಒಳಗಿನಿಂದ ಮಂಗಳಾರತಿ ತಟ್ಟೆ ಹಿಡಿದು ಬಂದ ಯಜಮಾನರು ಅಲ್ಲೇ ನಿಂತುಬಿಟ್ಟರು.

"ಏನ್ ಮಾಡ್ಬುಟ್ರಿ ಮೇಡಮ್ಮೋರೆ!"

"ಹೂವು ಮಿಕ್ಕಿತ್ತು ಯಜಮಾನ್ರೆ, ಅದಕ್ಕೇ..."

"ಪೂಜೆ ಮಾಡಿದ್ ಗಾಡಿಗೆ ನಾನು ಎಂಗೆ ಸ್ಪ್ಯಾನರ್ ಹಾಕ್ಲಿ? ನಮ್ಮಪ್ಪನ ಕಾಲದಿಂದ ಹಾಕಿಲ್ಲ. ಅದಕ್ಕೇ ಅಲ್ವಾ ಮುಚ್ಚಿಡೋದು!"

ಟಾರ್ಪಾಲಿನ ಅರ್ಥ ನನಗೆ ತಿಳಿದದ್ದು ಆಗ. ಮಾರನೆ ದಿನ ಕೊಯಮತ್ತೂರಿನವರು ಲಾರಿ ಸಮೇತ ಬಂದರು. ವಿಷಯ ಕೇಳಿ ನಕ್ಕರು, ಒಂದು ಬಕೆಟ್ ನೀರು ತನ್ನಿ ತೊಳೆದುಬಿಡೋಣ ಎಂದರು. ಯಜಮಾನರು ಬಕೆಟ್ಟಿಗೆ ಅಡ್ಡ ನಿಂತರು. "ತೊಳುದ್ರೆ ಕುಂಕುಮ ಹೋಯ್ತದೆ ಸ್ವಾಮಿ, ಪೂಜೆ ಎಲ್ ಹೋಯ್ತದೆ?" ಅಕ್ಕ ನನ್ನನ್ನು ನೋಡಿದ ನೋಟ ಈಗಲೂ ನೆನಪಿದೆ. ಪಾಯಸವನ್ನು ವಾಪಸ್ ಕೇಳುವಂತಿತ್ತು.

ಕೊನೆಗೆ, ಮನೆತನದ ಮಠದ ಸ್ವಾಮಿಗಳನ್ನು ಕೇಳುವುದೆಂದು ತೀರ್ಮಾನವಾಯಿತು. ಲಾರಿಯವರನ್ನು ಅಂಗಳದಲ್ಲೇ ಕಾಯಲು ಹೇಳಿ, ತಪ್ಪು ಮಾಡಿದವಳೆಂದು ನನ್ನನ್ನೂ ಕರೆದುಕೊಂಡು ಹೋದರು. ಸ್ವಾಮಿಗಳು ಎಲ್ಲವನ್ನೂ ಸಮಾಧಾನದಿಂದ ಕೇಳಿ, "ಗಾಡಿ ಓಡ್ತದಾ?" ಎಂದರು.

"ಇಲ್ಲ ಬುದ್ಧಿ."

"ಓಡದೇ ಇದ್ದಮೇಲೆ ಅದು ಗಾಡಿ ಹೇಗಾಯ್ತು? ಕಬ್ಬಿಣಕ್ಕೆ ಹೂವು ಹಾಕಿದ್ದಾರೆ ಅಷ್ಟೇ. ಬಿಚ್ಕೋ ಹೋಗು, ದೋಷವಿಲ್ಲ."

ಬಿಡುಗಡೆ ಸಿಕ್ಕಿತಲ್ಲ ಎಂದು ನಾನು ನಿಟ್ಟುಸಿರುಬಿಟ್ಟೆ. ಯಜಮಾನರ ಮುಖ ಮಾತ್ರ ಹರಳೆಣ್ಣೆ ಕುಡಿದಂತಾಗಿತ್ತು. ಬಸ್ಸು ಮೈಸೂರು ಮುಟ್ಟಿತು. ಇಳಿಯುವಾಗ, "ಬಿಚ್ಬೋದಂತೆ" ಎಂದರು, ಸಾವಿನ ಸುದ್ದಿ ಹೇಳುವವರ ದನಿಯಲ್ಲಿ. ಬೇಡವೆನ್ನಲು ಒಂದು ನೆಪ ಸಿಕ್ಕಿದ್ದಕ್ಕೆ ಆ ಮನುಷ್ಯ ಒಳಗೊಳಗೇ ಎಷ್ಟು ಖುಷಿಯಾಗಿದ್ದರು ಎಂಬುದು ನನಗೆ ಆಗ ಹೊಳೆಯಿತು. ನನ್ನ ಬಾಯಿ ಸುಮ್ಮನಿರಲಿಲ್ಲ.

"ಓಡದ್ದಕ್ಕೆ ತಾನೇ ಗಾಡಿಯಲ್ಲ ಅಂದಿದ್ದು? ಓಡಿದರೆ ಗಾಡಿಯೇ ಆಯ್ತಲ್ಲ. ಪೂಜೆಯೂ ಪೂಜೆಯೇ ಆಯ್ತು."

ಅವರು ಬಸ್ಸಿನ ಮೆಟ್ಟಿಲಲ್ಲೇ ನಿಂತು ಯೋಚಿಸಿದರು. ಹಿಂದಿನವರು ಇಳೀರಿ ಸ್ವಾಮಿ ಎಂದು ಕೂಗಿದರೂ ಇಳಿಯಲಿಲ್ಲ. ಆಮೇಲೆ ನಗುತ್ತ ಇಳಿದು, ನೇರ ಅಂಗಳಕ್ಕೆ ನಡೆದು, ಲಾರಿಯವರನ್ನು ಖಾಲಿ ಕಳಿಸಿದರು.

ಕಟ್ಟುವ ಕೆಲಸ ಆರು ವರ್ಷ ಹಿಡಿಯಿತು. ಹಗಲೆಲ್ಲ ಬೇರೆ ಗಾಡಿಗಳನ್ನು ಬಿಚ್ಚುವುದು, ಸಂಜೆ ಎರಡು ತಾಸು ಇದನ್ನು ಕಟ್ಟುವುದು. ಕೆಟ್ಟ ಭಾಗವನ್ನು ಬಿಚ್ಚುವುದು ಐದು ನಿಮಿಷ, ಸರಿ ಮಾಡಿದ್ದನ್ನು ಕೂರಿಸುವುದು ಐದು ತಿಂಗಳು. ಗೇರ್‌ಬಾಕ್ಸು ಹಳೇ ಟ್ಯಾಕ್ಸಿಯದು, ನೆಲದ ತಗಡು ಬಸ್ಸಿನದು, ವೈರುಗಳು ಜೀಪಿನವು. ಎರಡು ದೀಪಗಳಲ್ಲಿ ಒಂದು ಲಾರಿಯದಾದ್ದರಿಂದ ಕಾರು ಸದಾ ಯಾರಿಗೋ ಕಣ್ಣು ಹೊಡೆಯುವಂತೆ ಕಾಣುತ್ತಿತ್ತು. ಇಂಜಿನ್ ಮೊದಲ ಸಲ ಕೂಡಿಸಿದಾಗ ಒಂದು ಡಬ್ಬ ನಟ್ಟು ಮಿಕ್ಕಿತು. ಅವು ಎಲ್ಲಿಯವೆಂದು ನೋಡಲು ಮತ್ತೆ ಬಿಚ್ಚಿ ಕೂಡಿಸಿದರೆ ಒಂದೂವರೆ ಡಬ್ಬ ಮಿಕ್ಕಿತು. ಆಮೇಲೆ ಅವರು ನಂಬಿಕೆಯ ಮೇಲೆ ಕೆಲಸ ಮುಂದುವರಿಸಿದರು. ನಟ್ಟಿನ ಸುತ್ತುಗೆರೆ ಸವೆದು ಜಾರಿದಲ್ಲಿ ಬೇರೆ ಅಳತೆಯದು, ಅದೂ ಕೂರದಿದ್ದಲ್ಲಿ ತಾಮ್ರದ ತಂತಿ, ಅದೂ ಆಗದಿದ್ದಲ್ಲಿ ವೆಲ್ಡಿಂಗು.

ಬೆಂಗಳೂರಿನಿಂದ ಹಳೇ ಕಾರುಗಳ ಪರಿಣತರೊಬ್ಬರು ಸುದ್ದಿ ಕೇಳಿ ನೋಡಲು ಬಂದರು. ಸುತ್ತ ಒಂದು ಸಲ ಸುತ್ತಿ, ಮೂಗು ಮುರಿದು, ಇದರಲ್ಲಿ ಒರಿಜಿನಲ್ ಅನ್ನುವುದು ಏನೂ ಉಳಿದಿಲ್ಲವಲ್ಲ ಎಂದು ತಪ್ಪು ತೆಗೆದರು.

"ನಂದೂ ಒರಿಜಿನಲ್ ಅಲ್ಲ ಸ್ವಾಮಿ" ಎಂದು ಯಜಮಾನರು ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ತೆಗೆದು ತೋರಿಸಿದರು. "ಆದ್ರೂವೆ ಊಟ ಸೇರ್ತದೆ."

ಅಷ್ಟರಲ್ಲಿ ನನ್ನ ಶಾಲೆಗೆ ಕಂಪ್ಯೂಟರುಗಳ ಕಾಟ ಶುರುವಾಗಿ, ಹನ್ನೆರಡು ಹುಡುಗಿಯರಿದ್ದ ಬ್ಯಾಚು ಮೂರಕ್ಕೆ ಇಳಿದಿತ್ತು. ಕಿಟಕಿಯಲ್ಲಿ ಕೂತು ಅವರ ಕೆಲಸ ನೋಡುವುದೇ ನನಗೆ ಕೆಲಸವಾಗಿತ್ತು. ಹಾಗೆ ನೋಡುತ್ತಿದ್ದಾಗಲೇ ಒಂದು ಬೆಳಿಗ್ಗೆ ಕಾರು ಕೆಮ್ಮಿತು, ಗುಡುಗಿತು, ಅಂಗಳದ ತುಂಬ ಹೊಗೆ ಬಿಟ್ಟು ನಾಲ್ಕು ಮಾರು ಮುಂದಕ್ಕೆ ಹೋಯಿತು. ನಾನು ಮಹಡಿಯಿಂದ ಎರಡೆರಡು ಮೆಟ್ಟಿಲು ಹಾರಿ ಇಳಿದೆ. ಅವರು ಸ್ಟೇರಿಂಗ್ ಬಿಡದೆ ಅಳುತ್ತಿದ್ದರು. ಹೊಗೆಗೆ ಕಣ್ಣುರಿ ಎಂದರು. ನನಗೂ ಕಣ್ಣುರಿಯೇ ಬಂತು.

ಮೊದಲ ಸವಾರಿ ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ. ಹಿನಕಲ್‌ಗೆ, ಭಾವಮೈದುನನ ಮನೆಗೆ. ಅಕ್ಕ, "ಸವತಿ ತೊಡೆ ಮೇಲೆ ನಾನು ಕೂರಕಿಲ್ಲ" ಎಂದು ಎರಡು ದಿನ ಹಟ ಹಿಡಿದು ಮೂರನೆಯ ದಿನ ರೇಷ್ಮೆ ಸೀರೆಯುಟ್ಟು ಬಂದರು. ಕಾರು ಎರಡನೇ ಗೇರಿನಲ್ಲೇ ಹೊರಡಬೇಕು, ಒಂದನೆಯದು ಬೀಳದು. ನಾನು ಮೊಪೆಡ್ಡಿನಲ್ಲಿ ನೀರಿನ ಕ್ಯಾನು, ಸ್ಪ್ಯಾನರಿನ ಚೀಲ ಇಟ್ಟುಕೊಂಡು ಹಿಂದೆ. ಬೀದಿಯ ಜನ ಅಂಗಡಿ ಬಿಟ್ಟು ಹೊರಗೆ ಬಂದು ನೋಡಿದರು. ದಾರಿಯಲ್ಲಿ ಮೂರು ಸಲ ನಿಂತಿತು, ಮೂರು ಸಲವೂ ಯಾರೋ ತಳ್ಳಿದರು. ಅಕ್ಕ ಗಾಳಿಗೆ ಹಾರುವ ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಮುಂದೆ ನೋಡುತ್ತ ಪಟ್ಟದ ರಾಣಿಯ ಹಾಗೆ ಕೂತಿದ್ದರು.

ಹಿನಕಲ್‌ನಲ್ಲಿ ಮೇಸ್ತ್ರಿಗಳು ಅರ್ಧ ಕಟ್ಟಿದ ಮನೆಯೊಂದರ ಮುಂದೆ ನಾಲ್ಕೈದು ಜನರ ಜೊತೆ ನಿಂತಿದ್ದರು. ಕಾರನ್ನು ನೋಡಿದರು, ತಂಗಿಯನ್ನು ನೋಡಿದರು. ಯಜಮಾನರು ಇಳಿದು, ಹೆಗಲ ಟವೆಲ್ಲಿನಿಂದ ಬಾನೆಟ್ ಒರೆಸುತ್ತ ಕಾಯುತ್ತಿದ್ದರು. ಯಾವ ಮಾತಿಗೆ ಎಂದು ನನಗೂ ಗೊತ್ತು, ಅಕ್ಕನಿಗೂ ಗೊತ್ತು.

"ಏನ್ ಭಾವ, ಯಾರ್ದಿದು? ನಾಳೆ ಬಿಚ್ಚಕ್ಕಾ?" ಎಂದರು ಮೇಸ್ತ್ರಿಗಳು. ಎಲ್ಲರೂ ನಕ್ಕರು.

ಯಜಮಾನರೂ ನಕ್ಕರು, ಎಂದಿನ ಹಾಗೆ. ಕಟ್ಟಿದ್ದು ನಾನು ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಮಾತಾಡಲು ಹೊರಟವಳನ್ನು ಅವರು ಕಣ್ಣಿನಲ್ಲೇ ಬೇಡವೆಂದು ತಡೆದರು. ಅಕ್ಕನೂ ಅಣ್ಣನ ಎದುರು ತಲೆ ತಗ್ಗಿಸಿ ನಿಂತಿದ್ದರು. ಕಾಫಿ ಕುಡಿದು ವಾಪಸ್ ಬಂದೆವು. ಸ್ವಲ್ಪ ದಿನದ ಮೇಲೆ ಅಂಗಳ ಖಾಲಿ ಮಾಡಬೇಕಾಗಿ ಬಂದು ಕಾರು ಕೆಸರೆಯ ಮನೆಯ ಮುಂದೆ ಹೋಗಿ ನಿಂತಿತು. ನನ್ನ ಶಾಲೆಯೂ ಮುಚ್ಚಿತು. ಭಾನುವಾರ ಭಾನುವಾರ ಅದನ್ನು ಕೆಸರೆಯಲ್ಲೇ ಒಂದು ಸುತ್ತು ಓಡಿಸುತ್ತಿದ್ದರಂತೆ, ಕೈ ನಡುಗುವವರೆಗೆ. ಆಮೇಲೆ ಅವರೂ ನಿಂತರು, ಅದೂ ನಿಂತಿತು.

ಮೊನ್ನೆ ಅಕ್ಕ ಹೇಳಿಕಳಿಸಿದರೆಂದು ಕೆಸರೆಗೆ ಹೋಗಿದ್ದೆ. ಕಾರಿನ ಬಾಗಿಲಂಚಿನಲ್ಲಿ ಮತ್ತೆ ತುಕ್ಕು ಏಳುತ್ತಿತ್ತು. ದುಃಖದ ಮನೆಯೆಂದು ಈ ವರ್ಷ ಆಯುಧಪೂಜೆ ಮಾಡಿರಲಿಲ್ಲ. ಹತ್ತಿರದ ಗುಜರಿಯವನೊಬ್ಬ, ಯಜಮಾನರನ್ನು ಕಂಡರಿಯದ ಹೊಸಬ, ಮೂರು ದಿನದಿಂದ ಬಂದು ಕೇಳುತ್ತಿದ್ದನಂತೆ.

"ಏನ್ ಮಾಡನ ಮೇಡಮ್? ಇಟ್ಕಂಡ್ರೆ ನೋಡ್ಕಳೋರಿಲ್ಲ. ಕೊಟ್ಬುಟ್ರೆ..." ಎಂದು ಅಕ್ಕ ಮಾತು ನಿಲ್ಲಿಸಿದರು.

ಅಷ್ಟರಲ್ಲಿ ಅವನೇ ಬಂದ. ಇಂಥದೆಲ್ಲ ನನಗೆ ಒಂದೊತ್ತಿನ ಕೆಲಸ, ಸಂಜೆಯೊಳಗೆ ಬಿಚ್ಚಿಕೊಂಡು ಹೋಗುತ್ತೇನೆ ಎಂದ. ಅಕ್ಕ ಬಹಳ ಹೊತ್ತು ಕಾರನ್ನೇ ನೋಡಿ, "ಆಯ್ತು, ಬಿಚ್ಚಪ್ಪ" ಎಂದು ಜಗಲಿಯ ಮೇಲೆ ಕೂತರು. ನಾನು ಪಕ್ಕದಲ್ಲಿ ಕೂತೆ.

ಅವನು ಸ್ಪ್ಯಾನರ್ ಹಾಕಿದ. ಅಳತೆ ಕೂರಲಿಲ್ಲ, ಬೇರೆಯದು ತೆಗೆದ. ಆ ನಟ್ಟು ತಿರುಗಿತು, ತಿರುಗುತ್ತಲೇ ಇತ್ತು, ಹೊರಗೆ ಬರಲಿಲ್ಲ. ಅದನ್ನು ಬಿಟ್ಟು ಕೆಳಗೆ ಮಲಗಿದ. ತಾಮ್ರದ ತಂತಿ ಕೈಗೆ ಚುಚ್ಚಿತೆಂದು ಬೈದುಕೊಂಡ. ಬಾನೆಟ್ ಎತ್ತಿ, ತಂದಿದ್ದ ಸರಪಳಿ ರಾಟೆಯಿಂದ ಇಂಜಿನ್ ಎಳೆಯಲು ನೋಡಿದರೆ ಇಡೀ ಕಾರೇ ಜೊತೆಗೆ ಎದ್ದಿತು. ಬಸ್ಸಿನ ತಗಡಿಗೆ ಜೀಪಿನ ಬೋಲ್ಟು, ಅದಕ್ಕೆ ಟ್ಯಾಕ್ಸಿಯ ಪಟ್ಟಿ, ಮೇಲೆ ವೆಲ್ಡಿಂಗು. ಒಂದನ್ನು ಬಿಡಿಸಲು ಹೋದರೆ ಇನ್ನೊಂದು ಹಿಡಿಯುತ್ತಿತ್ತು. ಮಧ್ಯಾಹ್ನ ದಾಟಿತು. ಮೈಯೆಲ್ಲ ಗ್ರೀಸಾಗಿ, ಬೆವರು ಸುರಿಸುತ್ತ ಎದ್ದು ನಿಂತವನ ಕೈಯಲ್ಲಿ ಒಂದೇ ಒಂದು ಕನ್ನಡಿಯಿತ್ತು. ಬೀದಿಯವರೆಲ್ಲ ನೋಡುತ್ತ ನಿಂತಿದ್ದರು. ಅವನು ಸ್ಪ್ಯಾನರನ್ನು ನೆಲಕ್ಕೆ ಎಸೆದು, ರೇಗಿ ಕೂಗಿದ:

"ಯಾವೋನಮ್ಮ ಇದುನ್ನ ಕಟ್ಟಿರೋನು?"

ಅಕ್ಕ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ ಹೇಳಿದರು.

"ನಮ್ ಯಜಮಾನ್ರು ಕಣಪ್ಪ."